ಭಾನುವಾರದ ಹನಿ, ಗುರುವಾರದ ಸೂಜಿ

ರೋಗಗಳಿಗೂ ಒಂದು ಪಂಚಾಂಗ ಇದೆ. ಮಾರ್ಚ್ 16 ರಾಷ್ಟ್ರೀಯ ಲಸಿಕಾ ದಿನ. ಎಂಟು ದಿನ ಕಳೆದರೆ ಕ್ಷಯರೋಗ ದಿನ. ಏಪ್ರಿಲ್ 7 ವಿಶ್ವ ಆರೋಗ್ಯ ದಿನ, ಅದೇ ತಿಂಗಳ 25 ಮಲೇರಿಯಾ ದಿನ, ಅದನ್ನೂ ಒಳಗೆ ಸೇರಿಸಿಕೊಂಡು ತಿಂಗಳ ಕೊನೆಯಲ್ಲಿ ವಿಶ್ವ ಲಸಿಕಾ ಸಪ್ತಾಹ. ಮೇ 16 ಡೆಂಗಿ, ಜುಲೈ 28 ಹೆಪಟೈಟಿಸ್, ಸೆಪ್ಟೆಂಬರ್ 28 ರೇಬಿಸ್, ಅಕ್ಟೋಬರ್ 24 ಪೋಲಿಯೊ, ನವೆಂಬರ್ 12 ನ್ಯುಮೋನಿಯಾ, ಡಿಸೆಂಬರ್ 1 ಏಡ್ಸ್. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಈ ತಾರೀಖುಗಳು ಬಾಯಿಪಾಠ. ಪ್ರತಿಯೊಂದಕ್ಕೂ ಮೇಲಿಂದ ಒಂದು ಸುತ್ತೋಲೆ ಬರುತ್ತದೆ, ಆ ವರ್ಷದ ಘೋಷವಾಕ್ಯ ಬರುತ್ತದೆ, ಕಾರ್ಯಕ್ರಮ ಮುಗಿದ ಮೇಲೆ ಫೋಟೊ ಸಹಿತ ವರದಿ ಕಳಿಸಬೇಕಾಗುತ್ತದೆ.

ಆಚರಣೆ ಹೇಗಿರುತ್ತದೆ ಎಂಬುದೂ ನಮಗೆಲ್ಲ ಗೊತ್ತಿರುವುದೇ. ಪ್ರೌಢಶಾಲೆಯ ಮಕ್ಕಳ ಜಾಥಾ ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ ಬರುತ್ತದೆ. ಹತ್ತು ಗಂಟೆಗೆಂದ ಸಭೆ ಮುಖ್ಯ ಅತಿಥಿ ಬಂದ ಮೇಲೆ ಹನ್ನೊಂದೂವರೆಗೆ ಶುರು. ಸಸಿಗೆ ನೀರೆರೆಯುವುದು, ಪ್ರತಿಜ್ಞಾವಿಧಿ, ವಂದನಾರ್ಪಣೆ, ಉಪ್ಪಿಟ್ಟು. ಬ್ಯಾನರನ್ನು ಹತ್ತಿರ ಹೋಗಿ ನೋಡಿದರೆ ಇಸವಿಯ ಕೊನೆಯ ಅಂಕಿಯ ಮೇಲೆ ಬಿಳಿ ಕಾಗದದ ತುಂಡು ಅಂಟಿಸಿ ಹೊಸ ಅಂಕಿ ಬರೆದಿರುತ್ತಾರೆ. ಗೇಲಿ ಮಾಡಲು ಹೇಳುತ್ತಿಲ್ಲ. ಅನುದಾನ ಇಲ್ಲದ ಕಡೆ ಹಳೆಯ ಬ್ಯಾನರನ್ನೇ ದುಡಿಸಿಕೊಳ್ಳುವುದು ಜಾಣತನ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಅಂದು ಸಂಜೆಯ ಹೊತ್ತಿಗೆ ಎಷ್ಟು ಮಕ್ಕಳಿಗೆ ಲಸಿಕೆ ಸಿಕ್ಕಿತು? ಬಹಳಷ್ಟು ದಿನಾಚರಣೆಗಳಲ್ಲಿ ಉತ್ತರ ಸೊನ್ನೆ.

ಈ ಪೈಕಿ ಕೆಲವು ತಾರೀಖುಗಳ ಹಿಂದೆ ಒಂದೊಂದು ಜೀವನಚರಿತ್ರೆ ಅಡಗಿದೆ. ಕ್ಷಯದ ಸೂಕ್ಷ್ಮಾಣುವನ್ನು ಕಂಡುಹಿಡಿದ ಸುದ್ದಿಯನ್ನು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟ ಲೂಯಿ ಪಾಶ್ಚರ್ ತೀರಿಕೊಂಡದ್ದು 1895ರ ಸೆಪ್ಟೆಂಬರ್ 28. ಹೆಪಟೈಟಿಸ್ ಬಿ ವೈರಾಣುವನ್ನು ಪತ್ತೆ ಮಾಡಿದ ಬರೂಚ್ ಬ್ಲಂಬರ್ಗ್ ಹುಟ್ಟಿದ್ದು ಜುಲೈ 28. ಪೋಲಿಯೊ ದಿನವನ್ನು ರೋಟರಿ ಸಂಸ್ಥೆ ಶುರು ಮಾಡಿದ್ದು ಚುಚ್ಚುಮದ್ದಿನ ಪೋಲಿಯೊ ಲಸಿಕೆ ಕಂಡುಹಿಡಿದ ಜೋನಸ್ ಸಾಕ್ ಅವರ ಜನ್ಮದಿನದ ನೆನಪಿಗೆ ಎನ್ನುತ್ತಾರೆ. ಸಾಕ್ ಹುಟ್ಟಿದ್ದು 1914ರ ಅಕ್ಟೋಬರ್ 28. ದಿನಾಚರಣೆ ಮಾತ್ರ 24ಕ್ಕೆ! ನಾಲ್ಕು ದಿನದ ವ್ಯತ್ಯಾಸದಿಂದ ಯಾವ ಮಗುವಿಗೂ ನಷ್ಟವಾಗಿಲ್ಲ ಎಂಬುದೇ ಈ ಬಗೆಯ ದಿನಗಳ ಬಗ್ಗೆ ಒಂದು ವಿಮರ್ಶೆ.

ಆದರೆ ಇನ್ನೊಂದು ಬಗೆಯ ದಿನ ಉಂಟು. ಅದು ತಪ್ಪಿದರೆ ಲೆಕ್ಕ ತಪ್ಪುತ್ತದೆ.

ಎಲ್ ಸಾಲ್ವಡಾರ್ ಮಧ್ಯ ಅಮೆರಿಕದ ಪುಟ್ಟ ದೇಶ. 1980ರ ದಶಕವಿಡೀ ಅಲ್ಲಿ ಸರ್ಕಾರಕ್ಕೂ ಗೆರಿಲ್ಲಾಗಳಿಗೂ ಅಂತರ್ಯುದ್ಧ. ಮಕ್ಕಳು ಗುಂಡಿಗೆ ಸಾಯುವುದಕ್ಕಿಂತ ದಡಾರ, ಧನುರ್ವಾಯು, ಪೋಲಿಯೊಗಳಿಗೆ ಹೆಚ್ಚು ಬಲಿಯಾಗುತ್ತಿದ್ದರು. ಯುನಿಸೆಫ್ ಮುಖ್ಯಸ್ಥ ಜೇಮ್ಸ್ ಗ್ರಾಂಟ್ ಅಧ್ಯಕ್ಷ ದುವಾರ್ತೆ ಅವರ ಮುಂದೆ ವಿಚಿತ್ರವೆನಿಸುವ ಪ್ರಸ್ತಾಪ ಇಟ್ಟರು: ಲಸಿಕೆ ಹಾಕಲು ಯುದ್ಧ ನಿಲ್ಲಿಸಿ. ಕೆಥೊಲಿಕ್ ಚರ್ಚು ಎರಡೂ ಕಡೆಯವರ ನಡುವೆ ಮಾತುಕತೆ ನಡೆಸಿತು. 1985ರಲ್ಲಿ ಗೊತ್ತುಪಡಿಸಿದ ಮೂರು ದಿನ ಬಂದೂಕುಗಳು ಸುಮ್ಮನಾದವು. ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಬಿತ್ತು. ಮರುದಿನ ಯುದ್ಧ ಮತ್ತೆ ಶುರು. ಹಾಗಿದ್ದರೂ ಆ ದೇಶ ವರ್ಷವರ್ಷವೂ ಈ ಪದ್ಧತಿಯನ್ನು ಮುಂದುವರಿಸಿತು. ಪ್ರತಿಜ್ಞೆ ಬೋಧಿಸಿದ್ದರೆ ಯಾರೂ ಬಂದೂಕು ಕೆಳಗಿಡುತ್ತಿರಲಿಲ್ಲ. ‘ಇಂಥ ದಿನ, ಇಂಥ ಹೊತ್ತಿಗೆ, ಇಂಥ ಹಳ್ಳಿಗೆ ನರ್ಸುಗಳು ಬರುತ್ತಾರೆ’ ಎಂಬ ಖಚಿತತೆ ಇದ್ದುದರಿಂದ ಕೆಳಗಿಟ್ಟರು.

ಅದಕ್ಕೂ ಮುಂಚೆ, 1980ರಲ್ಲಿ, ಬ್ರೆಜಿಲ್ ರಾಷ್ಟ್ರೀಯ ಲಸಿಕಾ ದಿನಗಳನ್ನು ಆರಂಭಿಸಿತ್ತು. ವರ್ಷಕ್ಕೆ ಎರಡು ದಿನ, ಇಡೀ ದೇಶಕ್ಕೆ ಏಕಕಾಲಕ್ಕೆ. ಸಾವಿರ ದಾಟಿದ್ದ ಪೋಲಿಯೊ ಪ್ರಕರಣಗಳು ಮರುವರ್ಷ ನೂರರ ಆಸುಪಾಸಿಗೆ ಇಳಿದವು. ನಮ್ಮಲ್ಲಿ ಈ ವಿಚಾರವನ್ನು ಮೊದಲು ಗಟ್ಟಿಯಾಗಿ ಹಿಡಿದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈರಾಣು ತಜ್ಞ ಡಾ. ಟಿ. ಜೇಕಬ್ ಜಾನ್. ವೆಲ್ಲೂರು ಪಟ್ಟಣದಲ್ಲಿ ಅವರು ಮಾಡಿ ತೋರಿಸಿದ್ದನ್ನು ದೇಶ ಒಪ್ಪಿಕೊಳ್ಳಲು ಒಂದು ದಶಕ ಬೇಕಾಯಿತು. 1994ರ ಅಕ್ಟೋಬರ್ 2ರಂದು ದೆಹಲಿಯಲ್ಲಿ, ಆಗ ಅಲ್ಲಿ ಆರೋಗ್ಯ ಸಚಿವರಾಗಿದ್ದ ಡಾ. ಹರ್ಷವರ್ಧನ್ ಮುಂದಾಳತ್ವದಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಒಂದೇ ದಿನ ಹನಿ ಹಾಕಲಾಯಿತು. ದೇಶದಾದ್ಯಂತ ಬೂತುಗಳು ಬಂದದ್ದು 1995ರ ಡಿಸೆಂಬರ್ 9ರಂದು, ಎರಡನೇ ಸುತ್ತು 1996ರ ಜನವರಿ 20ಕ್ಕೆ. ಅವೆರಡೂ ಶನಿವಾರ. ‘ಪೋಲಿಯೊ ಭಾನುವಾರ’ ನಂತರದ ರೂಢಿ.

ಒಂದೇ ದಿನ ಏಕೆ? ಮಗುವಿಗೆ ಯಾವಾಗ ಹಾಕಿದರೂ ಹನಿ ಹನಿಯೇ ತಾನೆ? ಈ ಪ್ರಶ್ನೆಗೆ ಉತ್ತರ ಕರುಳಿನಲ್ಲಿದೆ. ಪೋಲಿಯೊ ವೈರಾಣು ವಾಸ ಮಾಡುವುದು ಮನುಷ್ಯರ ಕರುಳಿನಲ್ಲಿ. ಮಲದ ಮೂಲಕ ಹೊರಬಂದು, ನೀರು ಸೇರಿ, ಇನ್ನೊಂದು ಮಗುವಿನ ಬಾಯಿ ಸೇರುತ್ತದೆ. ಮನುಷ್ಯರ ಹೊರತು ಅದಕ್ಕೆ ಬೇರೆ ಆಶ್ರಯವಿಲ್ಲ. ಹನಿಯಲ್ಲಿರುವುದು ಅದೇ ವೈರಾಣುವಿನ ಬಲ ಕುಂದಿಸಿದ ರೂಪ. ಐದು ವರ್ಷದೊಳಗಿನ ಎಲ್ಲ ಮಕ್ಕಳ ಕರುಳಿಗೆ ಒಟ್ಟಿಗೆ ಲಸಿಕೆಯ ವೈರಾಣು ಹೊಕ್ಕರೆ ಕಾಡುವೈರಾಣುವಿಗೆ ಉಳಿಯಲು ಜಾಗವೇ ಸಿಗುವುದಿಲ್ಲ. ಇವತ್ತು ಈ ಓಣಿ, ಮುಂದಿನ ತಿಂಗಳು ಆ ಓಣಿ ಎಂದು ಹಾಕುತ್ತಾ ಹೋದರೆ ಅದು ಇಲ್ಲಿಂದ ಅಲ್ಲಿಗೆ ದಾಟಿಕೊಂಡು ಬದುಕಿಬಿಡುತ್ತದೆ. ಸೋಂಕು ತಗುಲಿದ ಸುಮಾರು ಇನ್ನೂರು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಲಕ್ವ ಹೊಡೆಯುತ್ತದೆ. ಅಂದರೆ ಕಾಲು ಕಳೆದುಕೊಂಡ ಒಂದು ಮಗು ಕಣ್ಣಿಗೆ ಬಿದ್ದಾಗ ಆ ಸುತ್ತಮುತ್ತ ಇನ್ನೂರು ಮಕ್ಕಳ ಕರುಳಿನಲ್ಲಿ ವೈರಾಣು ಓಡಾಡಿ ಆಗಿರುತ್ತದೆ. ಒಂದು ಪ್ರಕರಣಕ್ಕೆ ಇಡೀ ಜಿಲ್ಲೆಯನ್ನು ಎಬ್ಬಿಸುತ್ತಿದ್ದುದು ಇದಕ್ಕೇ.

ಬೂತಿನ ಮೇಜಿನ ಮೇಲಿರುತ್ತಿದ್ದ ವಸ್ತುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ನೀಲಿ ಬಣ್ಣದ ಲಸಿಕಾ ಪೆಟ್ಟಿಗೆ, ಒಳಗೆ ನಾಲ್ಕು ಐಸ್ ಪ್ಯಾಕು. ಇಪ್ಪತ್ತು ಮಕ್ಕಳಿಗಾಗುವ ಬೆರಳುದ್ದದ ಸೀಸೆ. ಆ ಸೀಸೆಯ ಚೀಟಿಯ ಮೇಲೆ ಒಂದು ಬಣ್ಣದ ವೃತ್ತ, ವೃತ್ತದೊಳಗೆ ಬಿಳಿಯ ಚೌಕ. ಸೀಸೆಗೆ ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ಎರಡೂ ಒಂದೇ ಬಣ್ಣಕ್ಕೆ ಬಂದರೆ ಎಸೆಯಬೇಕು. ಥರ್ಮಾಮೀಟರ್ ಬೇಡ, ದೊಡ್ಡ ಓದು ಬೇಡ. ಕರೆಂಟು ಹೋಗಿ ಬರುವ ಊರಲ್ಲಿ, ಬಿಸಿಲಲ್ಲಿ ಪೆಟ್ಟಿಗೆ ಹೊತ್ತು ನಡೆಯುವ ಕಾರ್ಯಕರ್ತೆ ಅಲ್ಲೇ ನಿಂತು ನಿರ್ಧಾರ ಮಾಡಬಹುದು. ಲಸಿಕೆಯ ಇತಿಹಾಸ ಹೇಳುವಾಗ ನಾವು ಸಾಕ್, ಸೇಬಿನ್ ಎಂದು ವಿಜ್ಞಾನಿಗಳ ಹೆಸರು ಹೇಳುತ್ತೇವೆ; ನನ್ನನ್ನು ಕೇಳಿದರೆ ಈ ಪುಟ್ಟ ಚೌಕಕ್ಕೂ ಆ ಸಾಲಿನಲ್ಲಿ ಜಾಗ ಕೊಡಬೇಕು.

ಹನಿ ಹಾಕಿದ ಮೇಲೆ ಎಡಗೈ ಕಿರುಬೆರಳಿನ ಉಗುರಿಗೆ ಮಾರ್ಕರ್ ಪೆನ್ನಿನ ಗೆರೆ. ಓಟು ಹಾಕಿದವರಂತೆ ಮಕ್ಕಳು ಅದನ್ನು ಎತ್ತಿ ತೋರಿಸಿಕೊಂಡು ಓಡುತ್ತಿದ್ದವು. ಆದರೆ ಬೂತಿಗೆ ಬಂದ ಮಕ್ಕಳ ಬಗ್ಗೆ ಇಲಾಖೆಗೆ ಅಷ್ಟು ಚಿಂತೆ ಇರಲಿಲ್ಲ. ನಿಜವಾದ ಕೆಲಸ ಸೋಮವಾರದಿಂದ. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮನೆ ಮನೆ ಹತ್ತಿ, ಕಿರುಬೆರಳು ನೋಡಿ, ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಮನೆಯ ಎಲ್ಲ ಮಕ್ಕಳಿಗೂ ಆಗಿದ್ದರೆ ಅದು ‘ಪಿ ಮನೆ’. ಒಂದು ಮಗು ತಪ್ಪಿದ್ದರೂ, ಬಾಗಿಲಿಗೆ ಬೀಗ ಇದ್ದರೂ, ‘ಬೇಡ’ ಎಂದರೂ ಅದು ‘ಎಕ್ಸ್ ಮನೆ’. ಎಕ್ಸ್ ಮನೆಗೆ ಸಂಜೆ ಇನ್ನೊಮ್ಮೆ, ನಾಳೆ ಮತ್ತೊಮ್ಮೆ. ಮೇಲ್ವಿಚಾರಕರು ಕೇಳುತ್ತಿದ್ದುದು ಎಷ್ಟು ಮಕ್ಕಳಿಗೆ ಹಾಕಿದಿರಿ ಎಂದಲ್ಲ, ಎಷ್ಟು ಎಕ್ಸ್ ಉಳಿದಿವೆ ಎಂದು. ಸರ್ಕಾರಿ ಲೆಕ್ಕದಲ್ಲಿ ಉಳಿದವರನ್ನು ಎಣಿಸುವ ಪದ್ಧತಿ ಅಪರೂಪ. ಪೋಲಿಯೊ ಹೋಗಿದ್ದಕ್ಕೆ ಕಾರಣ ಇದು ಎಂದರೆ ಅತಿಶಯೋಕ್ತಿ ಆಗಲಾರದು.

ಮನೆಯೇ ಇಲ್ಲದವರ ಗತಿ? ಬಸ್ ನಿಲ್ದಾಣ, ರೈಲು ನಿಲ್ದಾಣ, ಜಾತ್ರೆ, ಸಂತೆಗಳಿಗೆ ಬೇರೆಯೇ ತಂಡ. ಇಟ್ಟಿಗೆ ಭಟ್ಟಿ, ಕಟ್ಟಡ ಕಾಮಗಾರಿಯ ಶೆಡ್ಡುಗಳಿಗೆ ಸಂಚಾರಿ ತಂಡ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಕಡಿಯುವ ಹಂಗಾಮು ಚಳಿಗಾಲದಲ್ಲೇ ಬರುತ್ತದೆ, ಪೋಲಿಯೊ ಸುತ್ತುಗಳು ಬರುತ್ತಿದ್ದುದೂ ಹೆಚ್ಚಾಗಿ ಆಗಲೇ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಬರುವ ‘ಗ್ಯಾಂಗಿನವರು’ ಹೊಲದ ಬದುವಿನಲ್ಲಿ ಗುಡಾರ ಹಾಕುತ್ತಾರೆ. ಬೆಳಗಿನ ಜಾವವೇ ಹೆಂಗಸರು ಗಂಡಸರು ಕೂಡಿ ಕಬ್ಬಿಗೆ ಇಳಿದುಬಿಡುತ್ತಾರೆ; ಗುಡಾರದಲ್ಲಿ ಉಳಿಯುವುದು ಎಳೆಮಕ್ಕಳು ಮತ್ತು ಅವನ್ನು ನೋಡಿಕೊಳ್ಳುವ ಏಳೆಂಟು ವರ್ಷದ ಅಕ್ಕಂದಿರು. ಅವರ ಹೆಸರು ಯಾವ ಊರಿನ ಪಟ್ಟಿಯಲ್ಲೂ ಇರುವುದಿಲ್ಲ. ಹೊತ್ತು ಏರುವ ಮೊದಲೇ ಹೋದರೆ ಮಾತ್ರ ತಾಯಂದಿರು ಸಿಗುತ್ತಾರೆ ಎಂಬುದನ್ನು ಕಲಿತ ಆರೋಗ್ಯ ಸಹಾಯಕಿಯರು ಪೆಟ್ಟಿಗೆ ಹಿಡಿದು ನಸುಕಿನಲ್ಲೇ ಅಲ್ಲಿರುತ್ತಿದ್ದರು.

ಒಂದು ರಾಷ್ಟ್ರೀಯ ಸುತ್ತಿಗೆ ಸುಮಾರು 17 ಕೋಟಿ ಮಕ್ಕಳು, 20 ಲಕ್ಷಕ್ಕೂ ಮಿಕ್ಕಿದ ಲಸಿಕಾ ಕಾರ್ಯಕರ್ತರು. ಕರ್ನಾಟಕದ ಪಾಲು 60 ಲಕ್ಷಕ್ಕೂ ಹೆಚ್ಚು ಮಕ್ಕಳು. ಇಷ್ಟಾಗಿಯೂ ಉತ್ತರ ಪ್ರದೇಶದ ಪಶ್ಚಿಮ ಭಾಗ ಮತ್ತು ಬಿಹಾರದ ಕೋಸಿ ನದಿಯ ಬಯಲು ವರ್ಷಗಟ್ಟಲೆ ಜಗ್ಗಲಿಲ್ಲ. ಮೊರಾದಾಬಾದ್ ಸುತ್ತಲಿನ ಕೆಲವು ಮೊಹಲ್ಲಾಗಳಲ್ಲಿ ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಗುಮಾನಿ ಹಬ್ಬಿತ್ತು. ಅದಕ್ಕಿಂತ ಕಠಿಣವಾದ ಪ್ರಶ್ನೆಯನ್ನೂ ಅಲ್ಲಿಯ ತಾಯಂದಿರು ಕೇಳುತ್ತಿದ್ದರು: ಜ್ವರಕ್ಕೆ ಮಾತ್ರೆ ಕೊಡದವರು, ಚರಂಡಿ ತೆಗೆಯದವರು, ಬೇಡದಿದ್ದರೂ ತಿಂಗಳಿಗೊಮ್ಮೆ ಹನಿ ಹಿಡಿದು ಬರುತ್ತಾರೆ, ಏನಿದರ ಗುಟ್ಟು? ಟೀವಿಯಲ್ಲಿ ಅಮಿತಾಭ್ ಬಚ್ಚನ್ ಗದರಿದರು. ಮೌಲ್ವಿಗಳು ಮಸೀದಿಯಲ್ಲಿ ಹೇಳಿದರು. ಅದೇ ಮೊಹಲ್ಲಾದ ಹೆಂಗಸರನ್ನೇ ಯುನಿಸೆಫ್ ಕೆಲಸಕ್ಕೆ ಹಚ್ಚಿತು. ಇದರ ಜೊತೆ ಇನ್ನೊಂದು ತೊಡಕು ಇತ್ತು. ಪದೇ ಪದೇ ಭೇದಿಯಾಗುವ ಮಕ್ಕಳ ಕರುಳಿನಲ್ಲಿ ಹನಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಕೊನೆಗೆ ಲಸಿಕೆಯನ್ನೇ ಬದಲಾಯಿಸಬೇಕಾಯಿತು. 2010ರಲ್ಲಿ ಎರಡು ಬಗೆಯ ವೈರಾಣುಗಳನ್ನಷ್ಟೇ ಗುರಿಯಾಗಿಸಿದ ಹೊಸ ಹನಿ ಬಂತು.

2009ರಲ್ಲಿ ಭಾರತದಲ್ಲಿ 741 ಪ್ರಕರಣ. 2010ರಲ್ಲಿ 42. 2011ರಲ್ಲಿ ಒಂದು. ಆ ಒಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಪುಟ್ಟ ಹೆಣ್ಣುಮಗು. ಲಕ್ವದ ಲಕ್ಷಣ ಕಂಡದ್ದು ಜನವರಿ 13ರಂದು. ಆಗಾಗ ಕಾಯಿಲೆ ಬೀಳುವ ಮಗುವೆಂದು ಮನೆಯವರು ಹನಿ ಹಾಕಿಸಿರಲಿಲ್ಲ. ಅದಾದ ಮೇಲೆ ದೇಶದಲ್ಲಿ ಕಾಡುವೈರಾಣುವಿನ ಪೋಲಿಯೊ ಕಾಣಿಸಿಲ್ಲ. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು.

ಹಾಗಾದರೆ ಈಗಲೂ ಏಕೆ ಹನಿ ಎಂದು ಕೇಳುವವರಿದ್ದಾರೆ. ಪಾಕಿಸ್ತಾನ, ಅಫ್ಗಾನಿಸ್ತಾನಗಳಲ್ಲಿ ವೈರಾಣು ಇನ್ನೂ ಜೀವಂತವಾಗಿದೆ. ಪಾಕಿಸ್ತಾನದಲ್ಲಿ ಹನಿ ಹಾಕಲು ಹೋದ ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದ ಘಟನೆಗಳು ಒಂದೆರಡಲ್ಲ. ಗಾಜಾದಲ್ಲಿ 2024ರ ಆಗಸ್ಟ್‌ನಲ್ಲಿ ಹತ್ತು ತಿಂಗಳ ಮಗುವೊಂದಕ್ಕೆ ಪೋಲಿಯೊದಿಂದ ಲಕ್ವ ಹೊಡೆದದ್ದು ಖಚಿತವಾಯಿತು, ಇಪ್ಪತ್ತೈದು ವರ್ಷಗಳ ನಂತರ ಅಲ್ಲಿ ಮೊದಲ ಬಾರಿಗೆ. ಸೆಪ್ಟೆಂಬರ್ 1ರಿಂದ ಪ್ರದೇಶವಾರು, ಹಗಲಿನ ಕೆಲವು ತಾಸು ದಾಳಿ ನಿಲ್ಲಿಸಿ ಮೊದಲ ಸುತ್ತಿನಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹನಿ ಹಾಕಲಾಯಿತು. ಸಾಲ್ವಡಾರಿನ ಉಪಾಯ ನಾಲ್ಕು ದಶಕದ ನಂತರವೂ ಕೆಲಸಕ್ಕೆ ಬಂತು. ಅಲ್ಲಿ ಲಕ್ವಕ್ಕೆ ಕಾರಣವಾದದ್ದು ಕಾಡುವೈರಾಣುವಲ್ಲ; ಲಸಿಕೆ ಸರಿಯಾಗಿ ಮುಟ್ಟದ ಜನಸಮುದಾಯದಲ್ಲಿ ಮಗುವಿನಿಂದ ಮಗುವಿಗೆ ದಾಟುತ್ತಾ ಮತ್ತೆ ಬಲ ಪಡೆದ ಲಸಿಕೆಯದೇ ವೈರಾಣು. ಬಾಯಿಗೆ ಹಾಕುವ ಹನಿಗೆ ಈ ಒಂದು ದೋಷ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದಕ್ಕೆ ಮದ್ದೂ ಇದೆ: ಒಬ್ಬರನ್ನೂ ಬಿಡದೆ ಲಸಿಕೆ, ಮತ್ತು ಹನಿಯ ಜೊತೆಗೆ ಚುಚ್ಚುಮದ್ದಿನ ಪೋಲಿಯೊ ಲಸಿಕೆ. ನಮ್ಮಲ್ಲಿ 2015ರ ನವೆಂಬರ್‌ನಿಂದ ಅದನ್ನೂ ಕೊಡುತ್ತಿದ್ದಾರೆ, 2023ರಿಂದ ಮೂರು ಸಲ.

ಆ ಚುಚ್ಚುಮದ್ದು ಭಾನುವಾರದ ಬೂತಿನಲ್ಲಿ ಸಿಗುವುದಿಲ್ಲ. ಅದು ಸಿಗುವುದು ಗುರುವಾರ.

ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮಕ್ಕಳ ಲಸಿಕೆಗೆಂದು ವಾರದಲ್ಲಿ ಗೊತ್ತಾದ ದಿನ ಗುರುವಾರ. ಇದಕ್ಕೆ ಘೋಷವಾಕ್ಯ ಇಲ್ಲ, ಜಾಥಾ ಇಲ್ಲ, ಪತ್ರಿಕೆಯಲ್ಲಿ ಸಚಿವರ ಫೋಟೊ ಇಲ್ಲ. ಬೆಳಿಗ್ಗೆ ಆರೋಗ್ಯ ಕೇಂದ್ರದ ಲಸಿಕೆ ಇಡುವ ಫ್ರಿಜ್ಜಿನಿಂದ ಸೀಸೆಗಳು ಪೆಟ್ಟಿಗೆ ಸೇರಿ, ಬೈಕಿನಲ್ಲೋ ಆಟೊದಲ್ಲೋ ಅಂಗನವಾಡಿಗೆ ಬರುತ್ತವೆ. ಆಶಾ ಬಳಿ ಅಂದು ಬರಬೇಕಾದ ಮಕ್ಕಳ ‘ಡ್ಯೂ ಲಿಸ್ಟ್’ ಇರುತ್ತದೆ. ಹತ್ತು ಹೆಸರಿದ್ದರೆ ಹನ್ನೊಂದು ಗಂಟೆಯ ಹೊತ್ತಿಗೆ ಬಂದವರು ಐದೋ ಆರೋ. ಉಳಿದವರನ್ನು ಕರೆತರಲು ಆಕೆ ಹೊರಡುತ್ತಾಳೆ. ಉತ್ತರ ಕರ್ನಾಟಕದ ಯಾವುದೇ ಊರಿನ ಓಣಿಯಲ್ಲಿ ಆ ಹೊತ್ತಿಗೆ ಹೋದರೆ ಇಂಥ ಮಾತು ಕಿವಿಗೆ ಬೀಳುತ್ತದೆ:

“ಯವ್ವಾ, ಕೂಸಿನ್ನ ಕರ್ಕೊಂಡ ಬರ್ರಿ, ನರ್ಸಬಾಯಾರು ಬಂದಾರ.”

“ಹ್ವಾದ ಭಾನುವಾರ ಹನಿ ಹಾಕ್ಸೇವಲ್ರೀ ಅಕ್ಕಾರ.”

“ಅದ ಬ್ಯಾರೆರಿ, ಇದ ಬ್ಯಾರೆ. ಇದು ಒಂಬತ್ತ ತಿಂಗಳದ ಇಂಜೆಕ್ಷನ್.”

“ನಾಳೆ ಕೂಲಿಗೆ ಹೋಗೂದೈತ್ರಿ. ರಾತ್ರಿ ಜ್ವರ ಬಂದ್ರ ಯಾರ ನೋಡ್ಬೇಕ್ರಿ?”

ತಾಯಿಯ ಈ ಎರಡು ಮಾತಿನಲ್ಲೇ ಸಮಸ್ಯೆಯೆಲ್ಲ ಇದೆ. ಪೋಲಿಯೊ ಪ್ರಚಾರ ಎಷ್ಟು ಗೆದ್ದಿತೆಂದರೆ, ಬಹಳ ಮನೆಗಳಲ್ಲಿ ಲಸಿಕೆ ಎಂದರೆ ಎರಡು ಹನಿ ಎಂದೇ ಆಗಿಹೋಯಿತು. ಭಾನುವಾರ ಸರ್ಕಾರ ಮನೆ ಬಾಗಿಲಿಗೆ ಬರುತ್ತದೆ. ಗುರುವಾರ ತಾಯಿಯೇ ಹೋಗಬೇಕು. ಹನಿಗೆ ಮಗು ಮುಖ ಕಿವುಚುತ್ತದೆ ಅಷ್ಟೆ. ಆರನೇ ವಾರದ ಗುರುವಾರ ಎಡತೊಡೆಗೆ ಐದು ರೋಗ ತಡೆಯುವ ಪೆಂಟಾ, ಬಲತೊಡೆಗೆ ನ್ಯುಮೋನಿಯಾ ಲಸಿಕೆ, ತೋಳಿಗೆ ಪೋಲಿಯೊ ಚುಚ್ಚುಮದ್ದು, ಮೂರು ಸೂಜಿ. ರಾತ್ರಿ ಜ್ವರ ಬರುವುದೂ ನಿಜ. ಒಂದು ದಿನದ ಕೂಲಿ ಹೋಗುವುದೂ ನಿಜ. ‘ತಿಳಿವಳಿಕೆ ಇಲ್ಲದ ಜನ’ ಎಂದು ಭಾಷಣದಲ್ಲಿ ಹೇಳುವವರು ಈ ಲೆಕ್ಕ ಹಾಕಿರುವುದಿಲ್ಲ. ಆ ತಾಯಿಗೆ ಬೇಕಿರುವುದು ಪ್ಯಾರಾಸಿಟಮಾಲ್ ಹನಿಯ ಸೀಸೆ, ಎಷ್ಟು ಕೊಡಬೇಕೆಂಬ ಸ್ಪಷ್ಟ ಮಾತು, ರಾತ್ರಿ ಕರೆದರೆ ಎತ್ತಿಕೊಳ್ಳುವ ಒಂದು ಫೋನು.

ನರ್ಸಬಾಯಿಯ ಕಡೆಗೂ ಒಂದು ಕಷ್ಟ ಇದೆ. ದಡಾರ–ರುಬೆಲ್ಲಾದ ಎಂಆರ್ ಲಸಿಕೆ ಮತ್ತು ಬಿಸಿಜಿ ಪುಡಿಯ ರೂಪದಲ್ಲಿ ಬರುತ್ತವೆ. ದ್ರಾವಣ ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಅದಕ್ಕೇ ಸೀಸೆ ತೆರೆದ ಸಮಯವನ್ನು ಚೀಟಿಯ ಮೇಲೆ ಬರೆಯುತ್ತಾರೆ. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಇರುತ್ತದೆ. ವಾರಕ್ಕೊಂದು ದಿನ ಎಲ್ಲರನ್ನೂ ಸೇರಿಸುವುದರ ಹಿಂದೆ ಈ ಲೆಕ್ಕವೂ ಇದೆ. ಒಂದೇ ಮಗು ಬಂದರೂ ಸೀಸೆ ತೆರೆಯಬೇಕು ಎಂಬ ಸೂಚನೆ ಇದ್ದರೂ, ‘ವೇಸ್ಟೇಜ್ ಜಾಸ್ತಿ ಯಾಕಾಯ್ತು’ ಎಂಬ ಪ್ರಶ್ನೆಗೆ ಹೆದರಿ ‘ಮುಂದಿನ ವಾರ ಬಾರವ್ವ’ ಎಂದು ಕಳಿಸುವುದು ಉಂಟು. ಹಾಗೆ ವಾಪಸ್ ಹೋದ ತಾಯಿ ಮುಂದಿನ ವಾರ ಬರದಿದ್ದರೆ ಅದರ ಹೊಣೆ ಅವಳದಲ್ಲ. ಸೀಸೆ ವ್ಯರ್ಥವಾದರೆ ಇನ್ನೊಂದು ತರಿಸಬಹುದು.

ದಡಾರದ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆ 1974ರಲ್ಲಿ ಮಕ್ಕಳ ಲಸಿಕಾ ಕಾರ್ಯಕ್ರಮ ಆರಂಭಿಸಿದ ಮೇಲೆ ಐವತ್ತು ವರ್ಷಗಳಲ್ಲಿ ಲಸಿಕೆಗಳಿಂದ ಉಳಿದ ಜೀವಗಳು ಅಂದಾಜು 15.4 ಕೋಟಿ, ಅದರಲ್ಲಿ 9 ಕೋಟಿಗೂ ಹೆಚ್ಚು ದಡಾರದ ಲಸಿಕೆಯೊಂದರಿಂದಲೇ. ಅಷ್ಟು ಜೀವ ಉಳಿಸಿದ ಸೂಜಿಗೆ ಪೋಲಿಯೊ ಹನಿಯ ನೂರರಲ್ಲೊಂದು ಪಾಲಿನ ಪ್ರಸಿದ್ಧಿಯೂ ಇಲ್ಲ. ದಡಾರ ಹರಡುವ ವೇಗ ಎಂಥದ್ದೆಂದರೆ, ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗದಿದ್ದರೆ ಅದು ಸಂದು ಹುಡುಕಿಕೊಂಡು ಬರುತ್ತದೆ. 2017ರ ಫೆಬ್ರವರಿಯಲ್ಲಿ ದೇಶದ ಮೊದಲ ಎಂಆರ್ ಅಭಿಯಾನ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಎಲ್ಲರಿಗೂ, ಶಾಲೆಗಳಲ್ಲೇ ಸೂಜಿ. ವಾಟ್ಸ್ಆ್ಯಪ್ ಸಂದೇಶಗಳು ಲಸಿಕೆಗಿಂತ ಮೊದಲೇ ಶಾಲೆ ತಲುಪಿದ್ದವು. ಅಂದು ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಉಳಿಸಿಕೊಂಡವರಲ್ಲಿ ಇಂಗ್ಲಿಷ್ ಮಾಧ್ಯಮ ಶಾಲೆಗಳ ಪೋಷಕರೂ ಇದ್ದರು. ಹೆದರಿಕೆಗೂ ಓದಿಗೂ ಸಂಬಂಧ ಇಲ್ಲವೆಂದು ಆಗ ಗೊತ್ತಾಯಿತು.

ಪಂಚಾಂಗದಲ್ಲಿ ದಿನವೇ ಇಲ್ಲದ ರೋಗಗಳೂ ಇವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆಗೆ ವಿಶ್ವಸಂಸ್ಥೆಯ ದಿನವಾಗಲಿ ಜಿನೀವಾದ ಘೋಷವಾಕ್ಯವಾಗಲಿ ಇಲ್ಲ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗುವವರಿಗೆ ಉಣುಗು ಕಚ್ಚಿ ಬರುತ್ತದೆ. ಇದಕ್ಕೊಂದು ಲಸಿಕೆ ಇತ್ತು; ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷವರ್ಷ ಬೂಸ್ಟರ್. ನೋವು ಜಾಸ್ತಿ, ರಕ್ಷಣೆ ಕಡಿಮೆ ಎಂಬ ದೂರು ಮಲೆನಾಡಿನಲ್ಲಿ ಹಳೆಯದು. 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಕೈಗೆ ಬರುವವರೆಗೆ ಮೈಕೈಗೆ ಉಣುಗು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗಬೇಕು. ಜಗತ್ತಿನ ದಿನದರ್ಶಿಯಲ್ಲಿ ಜಾಗ ಸಿಗುವುದು ಜಗತ್ತಿಗೆಲ್ಲ ಹರಡಬಲ್ಲ ರೋಗಕ್ಕೆ. ನಾಲ್ಕು ತಾಲ್ಲೂಕಿನ ಬಡವರ ರೋಗ ಅರವತ್ತೈದು ವರ್ಷ ದಾಟಿದರೂ ಕಾಯುತ್ತಲೇ ಇದೆ.

ರೇಬಿಸ್‌ನದ್ದು ಇದಕ್ಕೆ ವಿರುದ್ಧ. ಅದಕ್ಕೆ ದಿನವೂ ಇದೆ, ಒಳ್ಳೆಯ ಲಸಿಕೆಯೂ ಇದೆ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ 99 ನಾಯಿಯಿಂದಲೇ. ಸೆಪ್ಟೆಂಬರ್ 28ರಂದು ಊರಿನ ಸಭಾಂಗಣದಲ್ಲಿ ಉಪನ್ಯಾಸ ಏರ್ಪಡಿಸುವ ಬದಲು ಅದೇ ದಿನ ಊರಿನ ನಾಯಿಗಳಿಗೆಲ್ಲ ಚುಚ್ಚುಮದ್ದು ಹಾಕಿ ಕೊರಳಿಗೋ ಬೆನ್ನಿಗೋ ಬಣ್ಣ ಹಚ್ಚಿದರೆ, ಹಚ್ಚದವು ಎಷ್ಟು ಎಂದು ಮರುದಿನ ಎಣಿಸಬಹುದು. ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆಯಾದರೆ ಹರಡುವಿಕೆ ನಿಲ್ಲುತ್ತದೆ ಎಂಬುದು ಜಗತ್ತಿನ ಅನುಭವ. ಬೂತು, ಗುರುತು, ಮರುದಿನದ ಎಣಿಕೆ, ಪೋಲಿಯೊ ಕಲಿಸಿದ ಈ ವಿದ್ಯೆ ನಮ್ಮ ಕೈಯಲ್ಲೇ ಇದೆ.

ಲೆಕ್ಕ ನಿರಾಶಾದಾಯಕವಾಗೇನೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವರ್ಷ ತುಂಬಿದ ಮಕ್ಕಳಲ್ಲಿ ಮೂಲ ಲಸಿಕೆಗಳೆಲ್ಲವೂ ಪೂರ್ಣಗೊಂಡವರು ಕರ್ನಾಟಕದಲ್ಲಿ ನಾಲ್ಕನೇ ಸುತ್ತಿನಲ್ಲಿ ಶೇ 63ರ ಹತ್ತಿರ ಇದ್ದರೆ, 2019–21ರ ಐದನೇ ಸುತ್ತಿನಲ್ಲಿ ಶೇ 84. ಈ ಏರಿಕೆ ಯಾವ ವಿಶ್ವ ದಿನದಿಂದಲೂ ಬಂದದ್ದಲ್ಲ. ಗುರುವಾರಗಳಿಂದ ಬಂದದ್ದು, ಡ್ಯೂ ಲಿಸ್ಟ್ ಹಿಡಿದು ಓಣಿ ಸುತ್ತಿದವರಿಂದ ಬಂದದ್ದು. ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಉಳಿದಾಗ ಬೆಂಗಳೂರಿಗೆ ಬಂದು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವ ಆಶಾ ಕಾರ್ಯಕರ್ತೆಯರೂ ಇವರೇ. ಮಾರ್ಚ್ 16ರ ವೇದಿಕೆಯಲ್ಲಿ ಹಾರ ಹಾಕಿ ಸನ್ಮಾನಿಸುವುದಕ್ಕಿಂತ ಅವರ ಬಾಕಿ ಚುಕ್ತಾ ಮಾಡುವುದು ಲಸಿಕೆಯ ಪ್ರಚಾರಕ್ಕೆ ಹೆಚ್ಚು ಒಳ್ಳೆಯದು.

ಉಳಿದ ಶೇ 16ರಲ್ಲಿ ನಿಮ್ಮ ಮನೆಯ ಮಗುವೂ ಇರಬಹುದು. ಅಪಾರ್ಟ್‌ಮೆಂಟಿನಲ್ಲಿದ್ದವರು ಈ ಮಾತು ತಮಗಲ್ಲ ಎಂದುಕೊಳ್ಳಬೇಕಾಗಿಲ್ಲ. ಬೀರುವಿನಲ್ಲಿ ಇಟ್ಟಿರುವ ತಾಯಿ ಕಾರ್ಡನ್ನು ಇಂದೇ ತೆಗೆದು ನೋಡಿ. ಮೊದಲ ಪುಟಗಳ ಮನೆಗಳು ಭರ್ತಿಯಾಗಿರುತ್ತವೆ. ಬಿಟ್ಟುಹೋಗುವುದು ಸಾಮಾನ್ಯವಾಗಿ ಹದಿನಾರರಿಂದ ಇಪ್ಪತ್ತನಾಲ್ಕನೇ ತಿಂಗಳಿನದು, ಎಂಆರ್ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್. ಮಗು ಓಡಾಡಲು ಶುರು ಮಾಡಿದ ಮೇಲೆ ಲಸಿಕೆ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುವ ವಯಸ್ಸು ಅದು. ಐದು ದಾಟಿದ ಮೇಲೆ ಇನ್ನೊಂದು ಡಿಪಿಟಿ, ಹತ್ತಕ್ಕೆ ಮತ್ತು ಹದಿನಾರಕ್ಕೆ ಟಿಡಿ. ಎಲ್ಲವೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಒಂದು ಮನೆ ಖಾಲಿ ಕಂಡರೂ ಈ ಗುರುವಾರವೇ ಮಗುವನ್ನು ಕರೆದುಕೊಂಡು ಹೋಗಿ. ಸೂಜಿ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ, ಕಾರ್ಡಿನಲ್ಲಿ ಮುಂದಿನ ತಾರೀಖು ಬರೆಸಿಕೊಳ್ಳದೆ ಏಳಬೇಡಿ.